ಮಾರನೆಯ ದಿನದ ಮೇಡಂ

ಜನ ದಂಗೆಯೆದ್ದು ದೊರೆಯನ್ನು ಓಡಿಸಿದ ಮೇಲೆ ಅರಮನೆಯ ಕಸ ಗುಡಿಸುವವರು ಯಾರು ಎಂದು ಕೇಳಿದವರನ್ನು ನಾನು ಒಬ್ಬರನ್ನೇ ನೋಡಿದ್ದೇನೆ. ಅವರು ನಮ್ಮ ರಾಜ್ಯಶಾಸ್ತ್ರದ ಮೇಡಂ.

ಆಗ ನಾನು ಶ್ರೀನಿವಾಸಪುರದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಪಕ್ಕದ ದೇಶವೊಂದರಲ್ಲಿ ಜನ ಅಧ್ಯಕ್ಷರ ಬಂಗಲೆಗೆ ನುಗ್ಗಿ, ಅವರ ಈಜುಕೊಳಕ್ಕೆ ಹಾರುತ್ತಿರುವ ವಿಡಿಯೋ ಎಲ್ಲರ ಫೋನಿನಲ್ಲೂ ಓಡುತ್ತಿತ್ತು. ತರಗತಿಯ ಹುಡುಗರು ಅದನ್ನು ಮೇಡಂಗೆ ತೋರಿಸಿದರು. ಅವರು ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ನೋಡಿದರು. ಮೊದಲ ಸಲ ನಮ್ಮಂತೆಯೇ ನಕ್ಕರು. ಎರಡನೆಯ ಸಲ ಬೆರಳೊತ್ತಿ ನಿಲ್ಲಿಸಿದರು.

“ಇಲ್ನೋಡ್ರೋ ಈ ಮನುಷ್ಯನ್ನ. ಬಂಗಲೆಗೆ ನುಗ್ಗೋಕೆ ಬಂದೋನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗ್ತಿದಾನೆ!”

ಬಗ್ಗಿ ನೋಡಿದರೆ ನಿಜ. ಮೂಲೆಯಲ್ಲೊಬ್ಬ ನಡುವಯಸ್ಸಿನವನು ಮೆಟ್ಟಿಲ ಬಳಿ ಚಪ್ಪಲಿಯನ್ನು ಜೋಡಿಸಿಡುತ್ತಿದ್ದ.

“ಇವನ ಮೇಲೆ ನಂಗೆ ನಂಬಿಕೆ ಬಂತು. ಸರಿ, ಅಧ್ಯಕ್ಷ ಓಡಿಹೋದ, ಜನ ಈಜಿದ್ರು. ಅಂತೇನಾ?”

ಅಷ್ಟೇನಾ ಎನ್ನುವುದಕ್ಕೆ ಅವರು ಯಾವಾಗಲೂ ತೆಲುಗಿನ “ಅಂತೇನಾ” ಎಂದೇ ಕೇಳುತ್ತಿದ್ದರು. ಅವರು ತಾಯಲೂರು ಕಡೆಯ ಹಳ್ಳಿಯವರು, ನಾನೂ ಅದೇ ದಿಕ್ಕಿನವಳು. ನಮ್ಮ ಕಡೆ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿದರೆ ಯಾರೂ ತಿರುಗಿ ನೋಡುವುದಿಲ್ಲ.

“ಮಾರ್ನೇ ದಿನ ಆ ಕೊಳ ತೊಳೆಯೋರು ಯಾರು?”

“ಮುನ್ಸಿಪಾಲ್ಟಿಯೋರು, ಮೇಡಂ!” ಎಂದಿತು ಹಿಂದಿನ ಬೆಂಚು.

“ಅವರೂ ಈಜ್ತಾ ಇದಾರಲ್ಲೋ!”

ಇಡೀ ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ನಗುವಾಗ ಅವರು ಸೀಮೆಸುಣ್ಣದ ಕೈಯಿಂದಲೇ ಬಾಯಿ ಮುಚ್ಚಿಕೊಳ್ಳುತ್ತಿದ್ದುದರಿಂದ, ಒಳ್ಳೆಯ ಪಾಠ ಮುಗಿದ ದಿನ ಅವರಿಗೊಂದು ಬಿಳಿ ಮೀಸೆ ಇರುತ್ತಿತ್ತು. ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೀಸೆಯೊಂದಿಗೇ ಅವರು ಸ್ಟಾಫ್ ರೂಮಿಗೆ ಹೋಗುತ್ತಿದ್ದರು.

ಕುಳ್ಳಗಿನ ಚುರುಕು ಹೆಂಗಸು. ತರಗತಿಗೆ ಬಂದವರು ಹಾಜರಿ ಕೂಗುವ ಮೊದಲು ಕಿಟಕಿಗಳನ್ನೆಲ್ಲ ತಾವೇ ತೆರೆಯುತ್ತಿದ್ದರು. ಸುಗ್ಗಿಯಲ್ಲಿ ಮಾವಿನ ಮಂಡಿಗಳ ಸಾಲಿನಿಂದ ಬೇನಿಷಾ ಹಣ್ಣಿನ ವಾಸನೆ ನುಗ್ಗಿ ಬರುತ್ತಿತ್ತು. “ಈ ವಾಸನೇಲಿ ಸರ್ವಾಧಿಕಾರದ ಬಗ್ಗೆ ಪಾಠ ಮಾಡೋದು ಎಷ್ಟು ಕಷ್ಟ ಗೊತ್ತೇನಮ್ಮಾ” ಎಂದು ಮುಂದಿನ ಬೆಂಚಿನವರಿಗೆ ಹೇಳಿ, ಆಮೇಲೆ ಆರಾಮಾಗಿ ಅದನ್ನೇ ಮಾಡುತ್ತಿದ್ದರು.

ಜನರು ಯಾಕೆ ತಿರುಗಿಬೀಳುತ್ತಾರೆ ಎಂಬ ಅಧ್ಯಾಯಕ್ಕೆ ಪಠ್ಯಪುಸ್ತಕದಲ್ಲಿ ಬೆಲೆಯೇರಿಕೆ, ನಿರುದ್ಯೋಗ, ಭ್ರಷ್ಟಾಚಾರ ಎಂದು ಕಾರಣಗಳಿದ್ದವು. ಮೇಡಂ ಅವನ್ನು ಬೋರ್ಡಿನ ಮೇಲೆ ಬರೆದು, ಸುತ್ತ ಒಂದು ಗೆರೆ ಎಳೆದು, “ಇದೆಲ್ಲಾ ಮಳೆ” ಎಂದರು. ಪಕ್ಕದಲ್ಲಿ ಒಂದು ಕೆರೆಯ ಚಿತ್ರ ಬರೆದರು.

ಅವರ ತಂದೆ ನೀರುಗಂಟಿ, ಎಂದರೆ ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರೆಂದು ಹಂಚುವವರು. ಬೇರೆಯವರು ತಮ್ಮ ತಂದೆ ತಹಶೀಲ್ದಾರರು ಎನ್ನುವ ಠೀವಿಯಲ್ಲಿ ಮೇಡಂ ಅದನ್ನು ಹೇಳುತ್ತಿದ್ದರು.

“ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹರಿದು ಹೋಗೋಕೆ ಕೋಡಿ ಅಂತ ಇರುತ್ತೆ, ಗೊತ್ತಲ್ಲ? ಒಂದ್ವರ್ಷ ನಮ್ಮೂರ ದೊಡ್ಡೋರೊಬ್ರು ಅದಕ್ಕೆ ಮರಳು ಮೂಟೆ ಅಡ್ಡ ಇಡ್ಸಿದ್ರು. ನೀರ್ಯಾಕೆ ಕೆಳಗಿನ ಊರಿಗೆ ಹೋಗ್ಬೇಕು, ನಮ್ ಕೆರೇಲೇ ಇರ್ಲಿ ಅಂತ. ನಮ್ಮಪ್ಪ ಬೇಡಿ ಸ್ವಾಮಿ ಅಂದ್ರು. ‘ನೀನು ನೀರು ಬಿಡೋನು, ಬುದ್ಧಿ ಹೇಳೋನಲ್ಲ’ ಅಂದ್ಬಿಟ್ರು. ಮೂರು ದಿನ ಕೆರೆ ಎಷ್ಟು ಚೆನ್ನಾಗಿತ್ತು ಅಂತೀರಾ! ಕನ್ನಡಿ ಇದ್ದಂಗೆ. ಒಂದು ಸದ್ದಿಲ್ಲ. ನಾಲ್ಕನೇ ದಿನ ಕಟ್ಟೆ ಒಡೀತು.”

“ಮಳೆ ಜಾಸ್ತಿ ಆಗಿತ್ತಾ ಮೇಡಂ?”

“ಅದರ ಹಿಂದಿನ ವರ್ಷ ಇನ್ನೂ ಜಾಸ್ತಿ ಆಗಿತ್ತು. ಆಗ ಕೋಡಿ ಬಾಯಿ ತೆಗೆದಿತ್ತು.” ಸೀಮೆಸುಣ್ಣದಿಂದ ಕೋಡಿಯ ಜಾಗವನ್ನು ಕುಟ್ಟಿದರು. “ಪರೀಕ್ಷೇಲಿ ಮಳೆ ಬಗ್ಗೆ ಬರೆದ್ರೆ ಪಾಸಾಗ್ತೀರ. ಕೋಡಿ ಎಲ್ಲಿತ್ತು, ಯಾರು ಮುಚ್ಚಿದ್ರು ಅಂತ ಬರೆದ್ರೆ ನಂಗೆ ಖುಷಿಯಾಗುತ್ತೆ.”

ಪರಿಣಾಮಗಳಿಗೂ ಅದೇ ಕೆರೆ. ನಮ್ಮ ಜಿಲ್ಲೆಯ ಕೆರೆಗಳು ಒಂದರ ಕೆಳಗೊಂದು ಸರಪಳಿಯಂತೆ ಇವೆ. ಮೇಲಿನದು ಒಡೆದ ಸುದ್ದಿ ಮುಟ್ಟುತ್ತಲೇ ಕೆಳಗಿನ ಊರಿನ ಗೌಡರೊಬ್ಬರು, ಜೀವನದಲ್ಲಿ ಗುದ್ದಲಿ ಹಿಡಿಯದವರು, ಪಂಚೆ ಎತ್ತಿಕಟ್ಟಿಕೊಂಡು, ತಾವೇ ಗುದ್ದಲಿ ಹಿಡಿದು ತಮ್ಮ ಕೋಡಿಯನ್ನು ಎರಡು ಗಜ ಅಗಲ ಮಾಡಿದರಂತೆ. ಒಡೆದ ಕೆರೆಯ ಕೆಳಗೆ ಕೆಲವರ ಪೈರು ಕೊಚ್ಚಿಹೋಯಿತು. ಕೆಲವರ ಹೊಲದಲ್ಲಿ ಗೋಡು ಮಣ್ಣು ನಿಂತು ಮುಂದಿನ ವರ್ಷ ರಾಗಿ ಎದೆಯುದ್ದ ಬಂತು. ಆದರೆ ಊರಿಗೆ ಕುಡಿಯುವ ನೀರು ಇಲ್ಲವಾಯಿತು. “ಒಂದೇ ದಿನದ ಕೆಲಸ, ಎಷ್ಟು ಥರ ಫಲ ನೋಡಿ. ಒಳ್ಳೇದಾಯ್ತಾ ಕೆಟ್ಟದ್ದಾಯ್ತಾ ಅಂತ ನನ್ನ ಕೇಳ್ಬೇಡಿ. ಯಾರ ಹೊಲದಲ್ಲಿ ನಿಂತು ಕೇಳ್ತಿದೀರ ಅಂತ ಹೇಳಿ.”

ನಾನು ಇದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡೆ. ಬರೆದುಕೊಂಡದ್ದು ಅರ್ಥವಾದದ್ದಲ್ಲ ಎಂಬುದು ಹಾಸ್ಟೆಲಿನಲ್ಲಿ ಗೊತ್ತಾಯಿತು.

ನಮ್ಮ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಎಲ್ಲವೂ ಶಾಂತವಾಗಿರಬೇಕು ಎನ್ನುವವರು. ಊಟದ ಮನೆಯ ಗೋಡೆಗೊಂದು ಮರದ ದೂರು ಪೆಟ್ಟಿಗೆ ಇತ್ತು. ಯಾರಾದರೂ ಚೀಟಿ ಹಾಕಿದರೆ ಅವರು ಅಕ್ಷರ ಗುರುತು ಹಿಡಿದು, ಬರೆದವಳನ್ನು ಊಟದ ಹೊತ್ತಿನಲ್ಲಿ ಎಲ್ಲರೆದುರು ನಿಲ್ಲಿಸುತ್ತಿದ್ದರು. ಕ್ರಮೇಣ ಚೀಟಿಗಳು ನಿಂತವು. ಆಮೇಲೆ ಅವರು ಪೆಟ್ಟಿಗೆಯ ಬಾಯಿಗೆ ಅಗಲವಾದ ಟೇಪು ಅಂಟಿಸಿದರು, ಜಿರಳೆ ಹೋಗುತ್ತದೆಂದು. ಸಾರು ನೀರಾಯಿತು, ನಮ್ಮ ಫೋನುಗಳು ವಾರ್ಡನ್ ಕೋಣೆಯ ತಗಡಿನ ಡಬ್ಬಿ ಸೇರಿದವು. ಯಾರೂ ಸದ್ದು ಮಾಡಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮುದ್ದೆಯ ಬದಲು ಚಿತ್ರಾನ್ನ ಬಂತು.

“ಇನ್ಮೇಲೆ ಮುದ್ದೆ ಇಲ್ಲ. ಪಾತ್ರೆಗೆ ಅಂಟ್ಕೊಳ್ಳುತ್ತೆ, ತೊಳೆಯೋದು ಕಷ್ಟ” ಎಂದರು ವಾರ್ಡನ್.

ಕೋಲಾರ ಜಿಲ್ಲೆಯ ಅರವತ್ತು ಹುಡುಗಿಯರ ಎದುರು ಆಡಬಾರದ ಮಾತು ಅದು. ಯಾರು ಮೊದಲು ತಟ್ಟೆ ಬಡಿದರೋ ನನಗೆ ಇಂದಿಗೂ ಗೊತ್ತಿಲ್ಲ. ಸ್ಟೀಲ್ ತಟ್ಟೆ, ಸ್ಟೀಲ್ ಲೋಟ. ರಸ್ತೆಯಲ್ಲಿ ಹೋಗುತ್ತಿದ್ದ ಮಾವಿನ ಲಾರಿಯವನು ನಿಲ್ಲಿಸಿ ಕಾಂಪೌಂಡಿನ ಮೇಲಿಂದ ಇಣುಕಿದ. ನಾನು ಬಡಿಯಲಿಲ್ಲ. ಗಲಾಟೆ ನನಗೆ ಆಗದು. ಮೂಲೆಯಲ್ಲಿ ಕೂತು, ಅವರೆಲ್ಲ ಕೂಗುತ್ತಿದ್ದುದನ್ನು ಒಂದರ ಕೆಳಗೊಂದು ಸಂಖ್ಯೆ ಹಾಕಿ ಬರೆದೆ. ಆ ಪಟ್ಟಿ ವಾರ್ಡನ್ ಕೈಗೆ ಸಿಕ್ಕಿತು.

“ನಾಳೆ ಕೋಲಾರದಿಂದ ನಮ್ಮ ಇಲಾಖೆ ಸಾಹೇಬ್ರು ಬರ್ತಾರೆ. ಈ ದುಂಡಕ್ಷರ ಯಾರದ್ದೋ ಅವಳ ಸೀಟು ಕ್ಯಾನ್ಸಲ್.”

ನನಗೆ ಹಾಸ್ಟೆಲ್ ಸೀಟು ಎಂದರೆ ಓದು. ನಮ್ಮೂರಿಂದ ಎರಡು ಬಸ್ಸು ಹಿಡಿದು ಬಂದರೆ ಕಾಲೇಜು ಮುಟ್ಟುವಷ್ಟರಲ್ಲಿ ಮೂರು ಪೀರಿಯಡ್ ಮುಗಿದಿರುತ್ತದೆ. ಹಾಸ್ಟೆಲ್ ಸಿಕ್ಕಿದರೆ ಮಾತ್ರ ಡಿಗ್ರಿ ಎಂಬ ಮಾತಿನ ಮೇಲೆಯೇ ಮನೆಯಲ್ಲಿ ನನ್ನನ್ನು ಕಳಿಸಿದ್ದರು. ಅಂದು ಸಂಜೆ ಮೇಡಂ ಮನೆಗೆ ಹೋದೆ. ಪೆಟ್ಟಿಗೆಯ ಟೇಪಿನವರೆಗೆ ಎಲ್ಲ ಕೇಳಿದ ಮೇಲೆ ಅವರು ಎದ್ದು ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಹಬೆಯಾಡುವ ಮುದ್ದೆ, ಬಸ್ಸಾರು ತಂದಿಟ್ಟರು.

“ಇದಕ್ಕೋಸ್ಕರ ತಾನೇ? ಮೊದ್ಲು ಇದನ್ನ ತಿನ್ನು.”

ತಿಂದೆ. ಅಳು ಬರುತ್ತಿದ್ದುದರಿಂದ ಬೇಗ ಬೇಗ ನುಂಗಿದೆ.

“ಗೆಲ್ತೀರ ಅಂತಿಟ್ಕೋ. ಮಾರ್ನೇ ದಿನ ಏನ್ಮಾಡ್ತೀರ ಅಮ್ಮಾಯಿ?”

ಸೀಟು ಉಳಿದರೆ ಸಾಕೆಂದೆ. “ಸರ್ಲೇ” ಎಂದರು, ಸರಿ ಬಿಡು ಎನ್ನುವಂತೆ.

ಮಾರನೆಯ ದಿನ ಸಾಹೇಬರು ಬಂದರು. ಮೇಡಂ ಕೂಡ ಕೊಡೆ ಹಿಡಿದು ಬಂದರು. ಅಕ್ಷರ ನನ್ನದೇ ಎಂದು ನಾನು ಒಪ್ಪಿಕೊಂಡೆ.

“ಹೀಗೆಲ್ಲ ತಟ್ಟೆ ಬಡಿಯೋ ಬದಲು ದೂರು ಪೆಟ್ಟಿಗೆಗೆ ಹಾಕ್ಬಹುದಿತ್ತಲ್ಲಮ್ಮ?” ಎಂದರು ಸಾಹೇಬರು.

“ಏಳು ತಿಂಗಳಿಂದ ಪೆಟ್ಟಿಗೇಲಿ ಒಂದು ಚೀಟಿ ಬಂದಿಲ್ಲ ಸಾರ್” ಎಂದರು ವಾರ್ಡನ್, ಹೆಮ್ಮೆಯಿಂದ.

“ಹೌದಾ?” ಮೇಡಂ ಮುಖ ಅರಳಿತು. “ಹಂಗಾದ್ರೆ ಈ ಪಟ್ಟೀನ ಸಾಹೇಬ್ರೇ ತಮ್ಮ ಕೈಯಾರೆ ಅದಕ್ಕೆ ಹಾಕ್ಬಿಡ್ಲಿ.”

ಸಾಹೇಬರು ಪಟ್ಟಿಯನ್ನು ಮಡಿಸಿ ಪೆಟ್ಟಿಗೆಗೆ ಹಾಕಲು ಹೋದರು. ಹೋಗಲಿಲ್ಲ. ತಿರುಗಿಸಿ ಹಾಕಿದರು. ಹೋಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಸಾಹೇಬರು ಉಗುರಿನಿಂದ ಟೇಪು ಎಬ್ಬಿಸುತ್ತಾ, “ಏನ್ರೀ ಇದು” ಎಂದು ನಗತೊಡಗಿದಾಗ ಊಟದ ಮನೆಯಿಡೀ ನಕ್ಕಿತು. ಪಾಪ, ವಾರ್ಡನ್ ಕೂಡ ಅರ್ಧ ನಕ್ಕರು.

ವಾರ್ಡನ್‌ಗೆ ವರ್ಗವಾಯಿತು. ಹೊಸಬರು ಬರುವವರೆಗೆ ಅಡುಗೆ, ಸ್ನಾನ, ಶಿಸ್ತು ಎಲ್ಲವನ್ನೂ ಹುಡುಗಿಯರ ಸಮಿತಿ ನೋಡಿಕೊಳ್ಳಲಿ ಎಂದ ಸಾಹೇಬರು, ಹೊರಡುವಾಗ ಒಂದು ಮಾತು ಸೇರಿಸಿದರು: “ಎರಡು ತಿಂಗಳು ನೋಡ್ತೀನಿ. ಇನ್ನೊಂದು ಗಲಾಟೆ ಆದ್ರೆ ಈ ವರ್ಷಕ್ಕೆ ಹಾಸ್ಟೆಲ್ ಬಂದ್.”

ಸುದ್ದಿ ನಮಗಿಂತ ವೇಗವಾಗಿ ಓಡಿತು. ಮುಂದಿನ ವಾರ ಮುಳಬಾಗಿಲಿನ ಹಾಸ್ಟೆಲಿನಲ್ಲಿ ಕೇಳದೆಯೇ ಎರಡು ಹೊತ್ತು ಮುದ್ದೆ. ಮಾಲೂರಿನಲ್ಲಿ ಫೋನುಗಳು ಹುಡುಗಿಯರ ಕೈಗೆ ಮರಳಿದವು. ಅಲ್ಲಿಯ ವಾರ್ಡನ್ “ಏನೂ ತೊಂದ್ರೆ ಇಲ್ವಲ್ಲ ಮಕ್ಕಳೇ?” ಎಂದು ಕೇಳಿದ ಸಿಹಿ ದನಿಗೆ ಹುಡುಗಿಯರು ಹೆದರಿ ನಮಗೆ ಫೋನು ಮಾಡಿದರು. ಮೇಡಂಗೆ ಹೇಳಿದಾಗ ಅವರು ಕೈ ತಟ್ಟಿದರು. “ಕೆಳಗಿನ ಕೆರೆಯೋರು ಗುದ್ದಲಿ ಎತ್ತಿದ್ರು ನೋಡು!”

ಅಚ್ಚುಕಟ್ಟು ಎಂಬ ಕಾರಣಕ್ಕೆ ನನ್ನನ್ನು ಸಮಿತಿಯ ಕಾರ್ಯದರ್ಶಿ ಮಾಡಿದರು. ಇಲ್ಲಿಂದ ಮುಂದಿನದನ್ನು ಬರೆಯಲು ಸ್ವಲ್ಪ ನಾಚಿಕೆ.

ಎರಡು ತಿಂಗಳು ಒಂದು ಸದ್ದೂ ಆಗದಿದ್ದರೆ ನನ್ನ ಸೀಟು, ಎಲ್ಲರ ಸೀಟು ಉಳಿಯುತ್ತದೆ. ಅದೊಂದೇ ನನ್ನ ತಲೆಯಲ್ಲಿದ್ದುದು. ಇಪ್ಪತ್ತಮೂರು ನಿಯಮ ಬರೆದು ಬಾಗಿಲಿಗೆ ಅಂಟಿಸಿದೆ. ಸ್ನಾನಕ್ಕೆ ಹನ್ನೊಂದು ನಿಮಿಷ. ಮುದ್ದೆ ಎಲ್ಲರಿಗೂ ಒಂದೇ ಗಾತ್ರ, ಅಳತೆಗೆ ಒಂದು ಸ್ಟೀಲ್ ಬಟ್ಟಲು. ಊಟದ ಮನೆಯಲ್ಲಿ ಮೆಲುದನಿ. ಇನ್ನು ದೂರು ಪೆಟ್ಟಿಗೆ: ಸಾಹೇಬರು ಮತ್ತೆ ಬಂದಾಗ ಅದರಲ್ಲಿ ಚೀಟಿ ಇದ್ದರೆ ಕಷ್ಟ ಎಂದುಕೊಂಡು, ಅದನ್ನು ಗೋಡೆಯಿಂದ ಬಿಚ್ಚಿ ನನ್ನ ಮಂಚದ ಕೆಳಗಿಟ್ಟೆ. ಈಗ ನಾವೇ ಎಲ್ಲ ನೋಡಿಕೊಳ್ಳುತ್ತಿರುವಾಗ ದೂರು ಯಾರ ಮೇಲೆ ಎಂದು ಕೇಳಿದವರಿಗೆ ಹೇಳಿದೆ. ನಾನು ನಿಜವಾಗಿಯೂ ಹಾಗೆಂದೇ ನಂಬಿದ್ದೆ.

ಐದನೆಯ ವಾರ, ಹಾಸ್ಟೆಲ್ ಎಷ್ಟು ಶಾಂತವಾಗಿದೆ ಎಂದು ತೋರಿಸಲು ಮೇಡಂ ಅವರನ್ನು ಭಾನುವಾರದ ಊಟಕ್ಕೆ ಕರೆದೆ. ಅವರು ಎಲ್ಲರ ಜೊತೆ ನೆಲದ ಮೇಲೆ ಕೂತು ಸುತ್ತ ನೋಡಿದರು.

“ಎಷ್ಟು ನಿಶ್ಶಬ್ದವಾಗಿದೆ! ಕನ್ನಡಿ ಇದ್ದಂಗೆ” ಎಂದರು.

ಹೊಗಳಿಕೆ ಎಂದುಕೊಂಡು ನಾನು ತಲೆಬಾಗಿದೆ. ಅಷ್ಟರಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಎದ್ದು ನಿಂತಳು. ಮಂಡಿಯವರೆಗೆ ಜಡೆ, ನೀರು ತೊಟ್ಟಿಕ್ಕುತ್ತಿತ್ತು.

“ಅಕ್ಕಾ, ಹನ್ನೊಂದು ನಿಮಿಷದಲ್ಲಿ ಈ ಕೂದ್ಲು ತೊಳೆಯೋಕಾಗುತ್ತಾ? ನೀವೇ ತೊಳ್ದು ತೋರ್ಸಿ!”

“ಬಟ್ಲು ಅಳತೆ ಮುದ್ದೇಲಿ ನನ್ ಹೊಟ್ಟೆ ತುಂಬಲ್ಲ ಕಣ್ರೇ, ನಾನೇನು ಕೋಳಿ ಮರೀನಾ?” ಎಂದಳು ಇನ್ನೊಬ್ಬಳು.

“ಕಂಪ್ಲೇಂಟ್ ಬಾಕ್ಸ್ ಎಲ್ಲಿ?” ಎಂದಳು ಮತ್ತೊಬ್ಬಳು. ಅವಳ ಪಕ್ಕದವಳು ತಟ್ಟೆ ಬಡಿದಳು.

ಅರವತ್ತು ತಟ್ಟೆ. ಈ ಸಲ ನನ್ನ ವಿರುದ್ಧ. ಹಾಸ್ಟೆಲ್ ಮುಚ್ಚಿಹೋಯಿತು, ಓದು ಮುಗಿಯಿತು ಎಂದುಕೊಂಡು ಮೇಡಂ ಕಡೆ ತಿರುಗಿದೆ. ಅವರು ಎಡಗೈಯಲ್ಲಿ ಲೋಟ ಹಿಡಿದು, ತಾಳ ತಪ್ಪದಂತೆ ಮೆಲ್ಲಗೆ ತಟ್ಟೆ ಬಡಿಯುತ್ತಿದ್ದರು. ನಗು ತಡೆಯಲಾರದೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವರನ್ನು ನೋಡಿ ಹುಡುಗಿಯರು ನಗತೊಡಗಿದರು. ಕೊನೆಗೆ ಎಲ್ಲರೂ ಬಡಿಯುವುದನ್ನೇ ಮರೆತರು. ಸುದ್ದಿ ಕೋಲಾರ ಮುಟ್ಟಲಿಲ್ಲ.

ಕೈ ತೊಳೆಯುವ ಕಡೆ ಅವರು ನನ್ನ ಭುಜ ಹಿಡಿದರು. “ನಿನ್ನ ಮನಸ್ಸು ಒಳ್ಳೇದೇ ಅಮ್ಮಾಯಿ. ಕೋಡಿಗೆ ಮೂಟೆ ಇಡ್ಸಿದವರದ್ದೂ ಒಳ್ಳೇದೇ ಇತ್ತು. ಕೆರೇಲಿ ನೀರು ಉಳೀಲಿ ಅಂತ. ಪೆಟ್ಟಿಗೆ ಎಲ್ಲಿಟ್ಟಿದೀಯ?”

“ಮಂಚದ ಕೆಳಗೆ, ಮೇಡಂ.”

“ವಾರ್ಡನ್ ಪಾಪ ಗೋಡೆ ಮೇಲಾದ್ರೂ ಬಿಟ್ಟಿದ್ರು!”

ಅವತ್ತೇ ಪೆಟ್ಟಿಗೆ ಗೋಡೆಗೆ ಮರಳಿತು. ಸ್ನಾನದ ನಿಯಮಕ್ಕೆ ಉದ್ದ ಜಡೆಯ ರಿಯಾಯಿತಿ ಬಂತು, ಬಟ್ಟಲು ಹೋಯಿತು. ಕಾರ್ಯದರ್ಶಿ ಸ್ಥಾನ ತಿಂಗಳಿಗೊಬ್ಬರಂತೆ ಬದಲಾಗಲಿ ಎಂಬ ಸಲಹೆಯನ್ನು ನಾನೇ ಚೀಟಿಯಲ್ಲಿ ಬರೆದು ಹಾಕಿದೆ. ಆದರೂ ಎರಡು ತಿಂಗಳು ತುಂಬಿ ಸಾಹೇಬರು ಬಂದು ಪೆಟ್ಟಿಗೆ ತೆರೆದಾಗ, ಒಳಗಿನಿಂದ ಚೀಟಿಗಳು ಉಕ್ಕಿ ನೆಲಕ್ಕೆ ಬಿದ್ದುದನ್ನು ನೋಡಿ ನಾನು ಬಗ್ಗಿ ಅವನ್ನು ಬಾಚತೊಡಗಿದೆ.

“ಇಷ್ಟೊಂದು ದೂರಾ?” ಎಂದರು ಸಾಹೇಬರು.

“ಹೋದ್ಸಲ ಒಂದೂ ಇರ್ಲಿಲ್ಲ ಸಾರ್. ಆಗ್ಲೇ ಅಲ್ವಾ ತಟ್ಟೆ ಬಡಿದಿದ್ದು” ಎಂದರು, ಅಂದೂ ಕೊಡೆ ಹಿಡಿದು ಬಂದಿದ್ದ ಮೇಡಂ.

ಸಾಹೇಬರು ಯೋಚಿಸುತ್ತಾ ಒಂದು ಚೀಟಿ ಎತ್ತಿ ಗಟ್ಟಿಯಾಗಿ ಓದಿದರು: “ಹಳೇ ಕಾರ್ಯದರ್ಶಿ ಅಕ್ಕ ನಗುವುದಿಲ್ಲ.”

ಎಲ್ಲರ ಕಣ್ಣೂ ನನ್ನ ಮೇಲೆ. ನನಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. “ಈ ದೂರು ಇತ್ಯರ್ಥ ಆಯ್ತು” ಎಂದು ಸಾಹೇಬರು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡರು. ಹಾಸ್ಟೆಲ್ ಉಳಿಯಿತು. ನನ್ನ ಸೀಟೂ ಉಳಿಯಿತು.

ಈಗ ನಾನು ಮಾಲೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಅದೇ ಅಧ್ಯಾಯ, ಅದೇ ಕೆರೆ. ಮೊನ್ನೆ “ಅಂತೇನಾ?” ಎಂದು ಕೇಳಿದಾಗ ಶಿಲ್ಪಿಗಳ ಊರಾದ ಶಿವಾರಪಟ್ಟಣದಿಂದ ಬರುವ ಹುಡುಗಿಯೊಬ್ಬಳು ಹೇಳಿದಳು: “ನಮ್ಮಪ್ಪ ವಿಗ್ರಹ ಮುಗಿಸಿದ ದಿನ ಎಲ್ರೂ ಬಂದು ಫೋಟೋ ತೆಗೀತಾರೆ ಮಿಸ್. ಕಲ್ಲಿನ ಚೂರು ಗುಡಿಸೋದು ನಾನೊಬ್ಳೇ.” ಅದನ್ನು ಮೇಡಂಗೆ ಹೇಳಬೇಕೆಂದು ಬರೆದಿಟ್ಟುಕೊಂಡೆ. ಅದಕ್ಕೆ ಸರಿಯಾಗಿ ಅವರ ನಿವೃತ್ತಿಯ ಕರೆಯೋಲೆ ಬಂತು.

ಕಾರ್ಯಕ್ರಮದಲ್ಲಿ ಶಾಲು, ಹಾರ, ತೋತಾಪುರಿ ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ, ಹಾಸ್ಟೆಲಿನ ಹಳೆಯ ಹುಡುಗಿಯರು ಆ ಮರದ ಪೆಟ್ಟಿಗೆಯನ್ನು ಹೊತ್ತು ತಂದು ವೇದಿಕೆಯ ಮೇಲಿಟ್ಟೆವು. ಅಂದು ಬಂದವರೆಲ್ಲ ಅದಕ್ಕೊಂದು ಚೀಟಿ ಹಾಕಿದ್ದರು. ದೂರು ಮಾತ್ರ ಬರೆಯಬೇಕು, ಹೊಗಳಿಕೆ ನಿಷಿದ್ಧ ಎಂಬುದು ನಿಯಮ. ಮೇಡಂ ಒಂದೊಂದಾಗಿ ಓದಿದರು.

“‘ನಿಮ್ಮಿಂದ ಸಿನಿಮಾ ನೋಡೋದೇ ಕಷ್ಟ ಆಗಿದೆ. ಹೀರೋ ಗೆದ್ದ ತಕ್ಷಣ ಮಾರನೇ ದಿನದ ಯೋಚನೆ ಬರುತ್ತೆ.’ ಒಳ್ಳೇದಾಯ್ತು ಬಿಡು. ‘ನಿಮಗೆ ಮೂವತ್ತು ವರ್ಷ ಸೀಮೆಸುಣ್ಣದ ಮೀಸೆ ಇತ್ತು, ಯಾರೂ ಹೇಳಲಿಲ್ಲ.’ ಏನು?” ಅವರು ಸಹೋದ್ಯೋಗಿಗಳ ಕಡೆ ತಿರುಗಿದರು. “ನಿಜಾನಾ? ನೀವೂ ಹೇಳ್ಲಿಲ್ವಾ?” ಮುಂದಿನ ಸಾಲಿನಲ್ಲಿದ್ದ ಪ್ರಾಂಶುಪಾಲರು ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು.

ಕೊನೆಯ ಚೀಟಿ ತೆಗೆದು ದೂರ ಹಿಡಿದು ನೋಡಿದರು. “ಈ ದುಂಡಕ್ಷರ ನಂಗೆ ಗೊತ್ತು. ಸೀಟು ಕ್ಯಾನ್ಸಲ್!” ಎಂದು ನನ್ನತ್ತ ಕೈ ತೋರಿಸಿ ಓದಿದರು: “‘ನಿವೃತ್ತರಾದಿರಿ. ಅಂತೇನಾ? ಮಾರನೆಯ ದಿನ?’”

ಸಭೆ ನಕ್ಕಿತು. ಮೇಡಂ ಚೀಟಿಯನ್ನು ಮಡಿಸಿದರು.

“ನಾಳೆ ಬೆಳಿಗ್ಗೆ ಏಳರ ಮುಳಬಾಗಿಲು ಬಸ್ಸು. ನಮ್ಮೂರ ಕೆರೆ ಕೋಡೀಲಿ ಜಾಲಿ ಬೆಳೆದು ಮುಚ್ಕೊಂಡಿದೆ. ಮಳೆ ಜೋರಾಗೋದ್ರೊಳಗೆ ಬಿಡಿಸ್ಬೇಕು. ಬರೋರು ಬನ್ನಿ. ಮಧ್ಯಾಹ್ನಕ್ಕೆ ಮುದ್ದೆ.”

ಜನ ಚಪ್ಪಾಳೆ ತಟ್ಟಿದರು. ತಮಾಷೆ ಎಂದುಕೊಂಡರೋ ಏನೋ.

ಮಾರನೆಯ ದಿನ ಏಳಕ್ಕೆ ಹತ್ತು ನಿಮಿಷ ಇರುವಾಗ ನಾನು ಶ್ರೀನಿವಾಸಪುರದ ಬಸ್ ನಿಲ್ದಾಣ ಮುಟ್ಟಿದೆ. ಬಸ್ಸಿನ ಒಳಗಿಂದ ಯಾರೋ “ಅಕ್ಕಾ, ಜಾಗ ಹಿಡ್ದಿದೀವಿ!” ಎಂದು ಕೂಗಿದರು. ಮಂಡಿಯುದ್ದ ಜಡೆಯ ಹುಡುಗಿ. ಅವಳ ಹಿಂದೆ ಮೂರು ಸಾಲು ತುಂಬ ನಮ್ಮ ಹಾಸ್ಟೆಲಿನವರು, ಮಚ್ಚು, ಹಾರೆ, ಬುತ್ತಿಯ ಸಮೇತ. ಎಲ್ಲರಿಗಿಂತ ಮುಂದೆ, ಕಿಟಕಿ ಪೂರ್ತಿ ತೆರೆದುಕೊಂಡು ಮೇಡಂ ಕೂತಿದ್ದರು. ಅವರ ಮಡಿಲಲ್ಲಿ, ಹಿಂದಿನ ದಿನ ಹೊದಿಸಿದ ಸನ್ಮಾನದ ಶಾಲಿನಲ್ಲಿ ಮಗುವಿನಂತೆ ಸುತ್ತಿಟ್ಟ ಒಂದು ಗುದ್ದಲಿ ಇತ್ತು.